ಕಾರವಾರದ ಕಡಲತೀರದಲ್ಲಿ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ ಎಂಬುದು ಊರಿಗೆ ಬಂದವರಿಗೆಲ್ಲ ಗೊತ್ತು. ಆ ಹೆಸರಿನ ಹಿಂದೆ ಒಂದು ಸರ್ಕಾರಿ ವರ್ಗಾವಣೆ ಇದೆ ಎಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆ ಪ್ರಾಂತ್ಯದಲ್ಲಿ ಸೇವೆಯಲ್ಲಿದ್ದ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದ ಕಾರಣ ಇಪ್ಪತ್ತೆರಡರ ಹರೆಯದ ಕವಿ ಇಲ್ಲಿಗೆ ಬಂದರು. ಬೆಳದಿಂಗಳ ರಾತ್ರಿಯೊಂದರಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಬೆಟ್ಟದ ಮೇಲಿನ ಹಳೆಯ ಕೋಟೆಯ ಕಡೆಗೆ ಹೋಗಿ, ಮರಳುವಾಗ ಅಳಿವೆಯಲ್ಲಿಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಅವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದುಕೊಂಡರು. 'ಪ್ರಕೃತಿರ್ ಪ್ರತಿಶೋಧ' ನಾಟಕ ರೂಪುಗೊಂಡದ್ದೂ ಇಲ್ಲಿಯೇ.

ಅಳಿವೆಯ ಆಚೆ ದಡದಲ್ಲಿ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡವಿದೆ. ಹೆದ್ದಾರಿ ಅದರ ಗುಡ್ಡವನ್ನೇ ಸೀಳಿಕೊಂಡು ಸಾಗುವುದರಿಂದ, ಕೋಟೆಯನ್ನು ಗಮನಿಸದೆಯೇ ಗೋವೆಗೆ ಹೋಗುವವರೇ ಹೆಚ್ಚು. ಇಂಗ್ಲಿಷರು 17ನೆಯ ಶತಮಾನದಲ್ಲಿ ಇಲ್ಲಿ ಕೋಠಿ ತೆರೆದದ್ದು ಕಾಳುಮೆಣಸು ಮತ್ತು ಬಟ್ಟೆಯ ವ್ಯಾಪಾರಕ್ಕಾಗಿ.

2024ರ ಆಗಸ್ಟ್‌ನಲ್ಲಿ ಕಾಳಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕುಳಿದರು. ಕೋಟೆಗಿಂತ ಸೇತುವೆ ಬೇಗ ಮುದಿಯಾಯಿತಲ್ಲ ಎಂದು ಆಗ ಅನ್ನಿಸಿತ್ತು. ತೀರದಲ್ಲಿ ದಡಕ್ಕೇರಿಸಿ ನಿಲ್ಲಿಸಿರುವ ಐಎನ್ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯೊಳಗೆ ಮಕ್ಕಳು ಇಕ್ಕಟ್ಟಾದ ಕಬ್ಬಿಣದ ಏಣಿ ಹತ್ತಿಳಿಯುತ್ತಾರೆ. ನನಗಂತೂ ಊರಿನ ಪ್ರೇಕ್ಷಣೀಯ ಸ್ಥಳಗಳಲ್ಲಿ ಹೆಚ್ಚು ಜೀವಂತವಾಗಿ ಕಾಣುವುದು ಅದೇ.