ಆನ್‌ಟ್ಯಾಪ್ ಅಪ್‌ಗ್ರೇಡ್ ಮತ್ತು ಬದಲಾದ ಆಡಳಿತ ಪರದೆ

ನೆಟ್‌ಆ್ಯಪ್ ಸಂಸ್ಥೆಯ ಆನ್‌ಟ್ಯಾಪ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶದ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವವರು ಡಿಸ್ಕ್, ಫರ್ಮ್‌ವೇರ್, ಸ್ವಿಚ್‌ಗಳ ಹೊಂದಾಣಿಕೆಯನ್ನು ಎಚ್ಚರದಿಂದ ಪರಿಶೀಲಿಸುತ್ತಾರೆ. ಆದರೆ ಬ್ರೌಸರಿನಲ್ಲಿ ಅದರ ಆಡಳಿತ ಪರದೆಯಾದ ಸಿಸ್ಟಮ್ ಮ್ಯಾನೇಜರ್ ತೆರೆದಾಗ ಎದುರಾಗುವ ಬದಲಾವಣೆಗೆ ಸಿದ್ಧರಾಗಿರುವವರು ಕಡಿಮೆ. 9.7ನೇ ಆವೃತ್ತಿಯಲ್ಲಿ ಹೊಸ ವಿನ್ಯಾಸ ಬಂದಾಗ ಹಳೆಯ ನೋಟಕ್ಕೆ ಮರಳುವ ಆಯ್ಕೆಯೂ ಇತ್ತು. 9.8ರಿಂದ ಅದು ಇಲ್ಲ.

ಹೊಸ ಪರದೆಯ ತರ್ಕವೇ ಬೇರೆ. ಹಿಂದೆ ವಾಲ್ಯೂಮ್ (ದತ್ತಾಂಶ ಇಡುವ ವಿಭಾಗ) ರಚಿಸುವಾಗ ಅದು ಯಾವ ಅಗ್ರಿಗೇಟ್‌ನಲ್ಲಿ (ಡಿಸ್ಕ್‌ಗಳ ಗುಂಪಿನಲ್ಲಿ) ಕೂರಬೇಕೆಂಬುದನ್ನು ನಿರ್ವಾಹಕನೇ ಆರಿಸುತ್ತಿದ್ದ. ಹೊಸ ವಿನ್ಯಾಸದಲ್ಲಿ ಹೆಸರು, ಗಾತ್ರ, ಕಾರ್ಯಕ್ಷಮತೆಯ ಮಟ್ಟ ಇಷ್ಟನ್ನು ತಿಳಿಸಿದರೆ ಸೂಕ್ತ ಜಾಗವನ್ನು ಸಾಮಾನ್ಯವಾಗಿ ವ್ಯವಸ್ಥೆಯೇ ಹುಡುಕುತ್ತದೆ. ಹೊಸಬರಿಗೆ ಇದು ಅನುಕೂಲವೇ ಸರಿ. ಆದರೆ ಡೇಟಾಬೇಸ್ ಒಂದು ಕಡೆ, ಬ್ಯಾಕಪ್ ಇನ್ನೊಂದು ಕಡೆ ಎಂದು ಲೆಕ್ಕಹಾಕಿ ಹಂಚಿಟ್ಟವರು ಈ ಆಯ್ಕೆಯನ್ನು ಯಂತ್ರಕ್ಕೆ ಬಿಡುವ ಮುನ್ನ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಮಾಂಡ್ ಲೈನ್‌ನಲ್ಲಿ ಅಗ್ರಿಗೇಟ್ ಹೆಸರನ್ನು ಸೂಚಿಸಿಯೇ ವಾಲ್ಯೂಮ್ ರಚಿಸುವ ದಾರಿ ಎಂದಿನಂತೆ ಇದೆ. ಅಂಥ ಕೆಲಸಗಳಿಗೆ ನಾನು ಈಗಲೂ ಅದನ್ನೇ ನೆಚ್ಚಿಕೊಂಡಿದ್ದೇನೆ.

ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಬೇರೊಂದು. ಹೊಸ ಸಿಸ್ಟಮ್ ಮ್ಯಾನೇಜರ್ 9.6ರಲ್ಲಿ ಪರಿಚಯವಾದ ರೆಸ್ಟ್ ಎಪಿಐ (ಬೇರೆ ತಂತ್ರಾಂಶಗಳು ಆನ್‌ಟ್ಯಾಪ್‌ಗೆ ಆದೇಶ ನೀಡುವ ಸಂಪರ್ಕ ವ್ಯವಸ್ಥೆ) ಮೇಲೆ ನಿಂತಿದೆ, ಮತ್ತು ಪರದೆಯಲ್ಲಿ ನಾವು ಮಾಡಿದ ಕ್ರಿಯೆಗಳ ಹಿಂದಿನ ಎಪಿಐ ಕರೆಗಳನ್ನು ಅಲ್ಲಿಯೇ ಲಾಗ್ ರೂಪದಲ್ಲಿ ತೋರಿಸುತ್ತದೆ. ಒಂದು ಕೆಲಸವನ್ನು ಮೌಸ್‌ನಿಂದ ಮಾಡಿ, ಆ ಕರೆಯನ್ನು ನೋಡಿಕೊಂಡು ಸ್ಕ್ರಿಪ್ಟ್ ಬರೆಯಬಹುದು. ಇನ್ನು ಹಳೆಯ ಪರದೆಯ ಚಿತ್ರಗಳಿರುವ ಕಚೇರಿಯ ಕೈಪಿಡಿಗಳನ್ನಂತೂ ಅಪ್‌ಗ್ರೇಡಿಗೆ ಮೊದಲೇ, ಪ್ರಯೋಗದ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಸಂಗ್ರಹ ಯಂತ್ರಗಳ ಗುಂಪು) ಒಂದನ್ನು ಮುಂದಿಟ್ಟುಕೊಂಡು, ಹೊಸದಾಗಿ ಬರೆಸುವುದು ಒಳ್ಳೆಯದು.