ಆಕಾಶದ ನೀರು ಕುಡಿಯುವ ಹೊಲ

ಲಿಂಗಸೂಗೂರು ತಾಲ್ಲೂಕಿನ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವವರು ನಾವು. ಸೋದರಮಾವನ ಮನೆಯವರು ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ಚಿಕ್ಕಂದಿನಲ್ಲಿ ಅವರ ಹಸಿರು ಗದ್ದೆಗಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದಕ್ಕೆ ವಿಚಿತ್ರವಾದ ಒಂದು ಉತ್ತರ ಸಿಕ್ಕಿದ್ದು ಹೀಬ್ರೂ ಧರ್ಮಗ್ರಂಥದ ಧರ್ಮೋಪದೇಶಕಾಂಡದಲ್ಲಿ, ಅದರ 11ನೆಯ ಅಧ್ಯಾಯದಲ್ಲಿ.

ಅಲ್ಲಿ ಇಸ್ರಾಯೇಲರನ್ನು ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಕರೆತಂದ ಮೋಶೆಯು ಆ ಜನರಿಗೆ ಹೇಳುವ ಮಾತಿನ ಸಾರ ಇದು: ನೀವು ಹೋಗುತ್ತಿರುವ ನಾಡು ಐಗುಪ್ತದಂತಲ್ಲ, ಅಲ್ಲಿ ನೀವು ಬೀಜ ಬಿತ್ತಿ ಕಾಯಿಪಲ್ಯದ ತೋಟಕ್ಕೆ ಹಾಯಿಸುವಂತೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ, ಇದಾದರೋ ಆಕಾಶದ ಮಳೆಯನ್ನು ಕುಡಿಯುವ ಬೆಟ್ಟ ಕಣಿವೆಗಳ ನಾಡು, ವರ್ಷದ ಮೊದಲಿನಿಂದ ಕೊನೆಯವರೆಗೆ ದೇವರ ಕಣ್ಣು ಇದರ ಮೇಲಿದೆ. ಕಾಲಿನಿಂದ ನೀರು ಹಾಯಿಸುವುದೆಂದರೇನು ಎಂದು ಪಂಡಿತರು ಚರ್ಚಿಸಿದ್ದಾರೆ. ಉಳ್ಳಾಗಡ್ಡಿ ಮಡಿಯ ಬಾಯಿಯನ್ನು ಹಿಮ್ಮಡಿಯಿಂದ ಒಡೆದು, ತುಂಬಿದ ಮೇಲೆ ಅದೇ ಕಾಲಿನಿಂದ ಕೆಸರು ತಳ್ಳಿ ಮುಚ್ಚಿದವರಿಗೆ ಆ ಚರ್ಚೆ ಅಷ್ಟಾಗಿ ಬೇಕಾಗಲಿಕ್ಕಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು, ನೈಲ್ ನದಿಯ ನೀರು ಹರಿಯುವ ನಾಡಿಗಿಂತ ಮೋಡ ನೋಡುತ್ತ ಕೂರುವ ನಾಡನ್ನೇ ವರವೆಂದು ಕರೆದ ಧೈರ್ಯ. ನಮ್ಮ ಕಡೆಯ ಯಾವ ರೈತನೂ ಈ ಅದಲುಬದಲಿಗೆ ಸುಲಭವಾಗಿ ಒಪ್ಪಲಾರನು. ಅದೇ ಅಧ್ಯಾಯವು ಮುಂದುವರಿದು, ಜನರ ಮನಸ್ಸು ಬೇರೆ ದೇವರುಗಳ ಕಡೆ ತಿರುಗಿದರೆ ಆಕಾಶವು ಮುಚ್ಚಿಹೋಗುವುದೆಂದೂ ಎಚ್ಚರಿಸುತ್ತದೆ. ಆದ್ದರಿಂದ ಇಲ್ಲಿ ದೇವರ ಪೋಷಣೆಯೆಂದರೆ ಹಗೇವಿನಲ್ಲಿ ಒಮ್ಮೆ ತುಂಬಿಟ್ಟು ಮರೆಯುವ ಕಾಳಲ್ಲ, ಪ್ರತಿ ವರ್ಷವೂ ತಲೆಯೆತ್ತಿ ಕೇಳಬೇಕಾದದ್ದು. ಅರಣ್ಯದಲ್ಲಿ ಆ ಜನರಿಗೆ ದೇವರಿಂದ ಸಿಕ್ಕ ಮನ್ನವೆಂಬ ಆಹಾರದ ಕಥೆಯೂ ಇದನ್ನೇ ಹೇಳುತ್ತದೆ: ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು.

ಕನ್ನಡ ಬೈಬಲ್ಲಿನಲ್ಲಿ ಈ ಮಳೆಗಳಿಗೆ ಮುಂಗಾರು, ಹಿಂಗಾರು ಎಂಬ ಪದಗಳಿವೆ. ಓದುವಾಗ ಸ್ವಲ್ಪ ಎಚ್ಚರವಿರಬೇಕು. ಮೂಲದ 'ಯೋರೆ' ನಮ್ಮ ಜೂನ್ ತಿಂಗಳ ಮಳೆಯಲ್ಲ. ಒಣಬೇಸಿಗೆಯ ನಂತರ ಅಕ್ಟೋಬರ್, ನವೆಂಬರಿನಲ್ಲಿ ಬಂದು ಗಟ್ಟಿ ನೆಲವನ್ನು ಉಳುಮೆಗೆ ಮೆದುಗೊಳಿಸುವ ಮಳೆ. 'ಮಲ್ಕೋಷ್' ಮಾರ್ಚ್, ಏಪ್ರಿಲ್ ಹೊತ್ತಿಗೆ ಬಂದು ತೆನೆಯಲ್ಲಿ ಕಾಳು ತುಂಬಿಸುವ ಕಡೆಯ ಮಳೆ. ಉತ್ತರಿ, ಹಸ್ತ ಮಳೆಯ ಹದಕ್ಕೆ ಬಿತ್ತಿ, ಆಮೇಲೆ ನೆಲದೊಳಗಿನ ಹಸಿಯನ್ನೂ ಚಳಿಯ ಇಬ್ಬನಿಯನ್ನೂ ನಂಬಿ ಕೂರುವ ನಮ್ಮ ಬಿಳಿಜೋಳ ಮತ್ತು ಕಡಲೆಯ ಬೇಸಾಯವೇ ಅದಕ್ಕೆ ಹತ್ತಿರವಾದದ್ದು. ಇಸ್ರಾಯೇಲರ ಮೂಲಪುರುಷ ಇಸಾಕನು ಮಗನನ್ನು ಹರಸುವಾಗ ಮೊದಲು ಆಕಾಶದ ಇಬ್ಬನಿಯನ್ನು ಬೇಡಿದ್ದೇಕೆಂದು ಎರೆಹೊಲದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಒಂದು ಹೊಲಕ್ಕೆ ಮಳೆ ಬಿದ್ದು ಇನ್ನೊಂದು ಒಣಗಿತು ಎಂಬ ಆಮೋಸ ಪ್ರವಾದಿಯ ಮಾತನ್ನಂತೂ ನಮ್ಮ ಊರಿನ ಕಟ್ಟೆಯ ಮೇಲೆ ಪ್ರತಿ ವರ್ಷ ಕೇಳಬಹುದು.

ಬಂದ ಫಸಲು ಯಾರದು ಎಂಬ ಪ್ರಶ್ನೆಗೆ ಅದೇ ಧರ್ಮಗ್ರಂಥದ ಯಾಜಕಕಾಂಡವು ಇನ್ನೂ ಖಚಿತವಾಗಿ ಉತ್ತರಿಸುತ್ತದೆ. ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯಬಾರದು, ಉದುರಿದ ತೆನೆಗಳನ್ನು ಹಕ್ಕಲಾಯಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂಬ ಆಜ್ಞೆ 19ನೆಯ ಅಧ್ಯಾಯದಲ್ಲಿ ಬಂದು, 23ನೆಯದರಲ್ಲಿ ಸುಗ್ಗಿಯ ಹಬ್ಬಗಳ ವಿಧಿಗಳನ್ನು ಹೇಳುತ್ತಿರುವಾಗಲೇ ನಡುವೆ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ಈ ಮೂಲೆಗೆ ಹೀಬ್ರೂವಿನಲ್ಲಿ 'ಪೆಆ' ಎಂದು ಹೆಸರು. ಇದಕ್ಕೆ ಮೇಲಿನ ಮಿತಿಯಿಲ್ಲ, ಆದರೆ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು ಎಂದು ಮುಂದೆ ಮಿಷ್ನಾ ಎಂಬ ಯೆಹೂದ್ಯ ಧರ್ಮಶಾಸ್ತ್ರ ಸಂಗ್ರಹದ ಪಂಡಿತರು ಗೊತ್ತುಮಾಡಿದರು. ಬೇತ್ಲೆಹೇಮಿಗೆ ಪರದೇಶಿಯಾಗಿ ಬಂದ ವಿಧವೆ ರೂತಳು ಬದುಕಿದ್ದು ಈ ಹಕ್ಕಲಿನಿಂದಲೇ. ಸಂಜೆಯವರೆಗೆ ಆಯ್ದು, ಬಡಿದು, ಆ ಕಾಲದ ಕಾಳಿನ ಅಳತೆಯಾದ ಒಂದು ಏಫದಷ್ಟು ಜವೆಗೋಧಿಯನ್ನು ಅತ್ತೆಯ ಮನೆಗೆ ಒಯ್ದಳು. ಹೊಲದ ಒಡೆಯ ಬೋವಜನು ಅದನ್ನು ಭಿಕ್ಷೆಯೆಂದು ಕೊಡಲಿಲ್ಲ. ಆಯುವುದು ಅವಳ ಹಕ್ಕಾಗಿತ್ತು. ಅವನ ದೊಡ್ಡತನವಿರುವುದು, ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಎಳೆದುಹಾಕಿರೆಂದು ಆಳುಗಳಿಗೆ ಹೇಳಿದ್ದರಲ್ಲಿ.

ಮಾವನ ಗದ್ದೆಯಲ್ಲಿ ಈಗ ಕೊಯ್ಲಿಗೆ ಬರುವುದು ಮಷಿನ್ನು. ಅದು ತಿರುಗುವಾಗ ಮೂಲೆಯೊಳಗೆ ಹೋಗಲಾರದು. ಅಷ್ಟು ಭತ್ತ ನಿಂತೇ ಉಳಿಯುತ್ತದೆ. ಕಳೆದ ಸುಗ್ಗಿಯಲ್ಲಿ ನಾನು ಅಲ್ಲಿದ್ದಾಗ, ಅದನ್ನು ಕುಡುಗೋಲಿನಿಂದ ಕೊಯ್ಯಲು ಇಬ್ಬರು ಆಳುಗಳನ್ನು ಕರೆಯಲೇ ಎಂದು ಮಾವ ಕೇಳಿದರು. ಓದುಬರಹ ಬಾರದ ಅತ್ತೆ, "ಇರ್ಲಿ ಬಿಡ್ರಿ, ಯಾರಾರ ಕೊಯ್ಕೊಂಡು ಹೋಗ್ತಾರ" ಎಂದು ಬುತ್ತಿಯ ಗಂಟು ಬಿಚ್ಚಲು ಕುಳಿತರು. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ನಾಲ್ಕೂ ಮೂಲೆಗಳು ಬೋಳಾಗಿದ್ದವು.