ನೆರೆ ಶಿಬಿರದಲ್ಲಿ ಪ್ರಶ್ನೆ ಕೇಳುವ ಮೊದಲು

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಮುಳುಗಿದ್ದು ನೆನಪಿದೆಯಲ್ಲ? ಅಂಥ ಹೊತ್ತಲ್ಲಿ ಶಾಲೆಯೋ ಕಲ್ಯಾಣ ಮಂಟಪವೋ ಪರಿಹಾರ ಕೇಂದ್ರವಾಗುತ್ತದೆ. ಅಲ್ಲಿ ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ಅಧ್ಯಯನ ಮಾಡುವವರಿಗೆ ಪ್ರಶ್ನಾವಳಿ ಕೊನೆಯ ಕೆಲಸ. ಮೊದಲು ಶೌಚಾಲಯದ ಬಾಗಿಲು ನೋಡಿ: ಒಳಗೆ ಚಿಲಕ ಇದೆಯಾ, ದಾರಿಯಲ್ಲಿ ಬಲ್ಬು ಉರಿಯುತ್ತಾ? ವಿಪತ್ತಿನ ಹೊತ್ತಿನ ನೆರವಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಂತೆ 20 ಜನಕ್ಕೆ ಒಂದು ಶೌಚಾಲಯ. ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಇದನ್ನು ಎಣಿಸೋಕೆ ಯಾರ ಗಾಯವನ್ನೂ ಕೆದಕಬೇಕಿಲ್ಲ.

ಸಂದರ್ಶನ ಬೇಕೇ ಬೇಕೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ 2007ರ ಶಿಫಾರಸು ಮರೆಯಬೇಡಿ: ಚಿಕಿತ್ಸೆ, ನೆರವು ಸ್ಥಳದಲ್ಲೇ ಸಿಗುವಂತಿರಬೇಕು, ಆಮೇಲೆ ಪ್ರಶ್ನೆ. ಒಂದು ಮನೆಯಿಂದ ಒಬ್ಬಳನ್ನೇ ಮಾತಾಡಿಸಿ. ನಡುವೆ ಅತ್ತೆ ಬಂದು ಕೂತರೆ? ಪುಟ ತಿರುವಿ, ‘ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತಮ್ಮ?’ ಅನ್ನಿ; ಆ ಪುಟ ಮೊದಲೇ ತಯಾರಿರಲಿ. ಬರೀ ಮಹಿಳಾ ಸಹಾಯವಾಣಿ 181 ಬರೆದ ಚೀಟಿ ಗಂಡನ ಕೈಗೆ ಸಿಕ್ಕರೆ ಕಥೆ ಮುಗೀತು. 108, 112ರ ಸಾಲಲ್ಲಿ ಅದನ್ನೂ ಸೇರಿಸಿದ ಚೀಟಿಯನ್ನು ಶಿಬಿರದ ಎಲ್ಲರಿಗೂ ಹಂಚಿ.

ಇನ್ನು ಅಂಕಿಅಂಶ. ಸಹಾಯ ಕೇಂದ್ರ ತೆರೆದ ಮೇಲೆ ದೂರು ಹೆಚ್ಚಾದರೆ ಹಿಂಸೆ ಹೆಚ್ಚಿತು ಎಂದು ಬರೆಯುವ ಆತುರ ಬೇಡ. ಹೇಳಿಕೊಳ್ಳಲು ಜಾಗ ಸಿಕ್ಕಿದ್ದೂ ಕಾರಣವಿರಬಹುದು.